ಅರಗಿನ ಪ್ಲೇಟು ತೊಳೆಯಲು ಕಲಿತದ್ದು

ತೀರ್ಥಹಳ್ಳಿ ಹತ್ತಿರದ ನಮ್ಮ ಹಳೆಯ ಮನೆಯ ಅಟ್ಟದಿಂದ ಅಜ್ಜನ ಗ್ರಾಮಫೋನ್ ಪೆಟ್ಟಿಗೆಯನ್ನು ಇಳಿಸಿದಾಗ ಒಳಗೆ ನಲವತ್ತೊಂದು ಪ್ಲೇಟುಗಳಿದ್ದವು. ಎಷ್ಟೋ ಮಳೆಗಾಲ ಕಂಡ ಅವುಗಳ ಮೇಲೆ ಬೂದು ಬಣ್ಣದ ಬೂಷ್ಟು ಹಬ್ಬಿತ್ತು. ನಾಯಿ ಚಿತ್ರದ ಲೇಬಲ್ ಒಂದೆರಡರಲ್ಲಿ ಮಾತ್ರ ಗುರುತು ಸಿಗುವಂತಿತ್ತು.

ಮೊದಲ ಪ್ಲೇಟನ್ನು ನಾನೇ ಕೆಡಿಸಿದೆ. ಟೇಪ್ ರೆಕಾರ್ಡರಿನ ಹೆಡ್ ಒರೆಸಲು ಇಟ್ಟುಕೊಂಡಿದ್ದ ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಉಜ್ಜಿದೆ. ಹತ್ತಿ ಕಪ್ಪಾಯಿತು. ಎಷ್ಟು ಕೊಳೆ ಬರುತ್ತಿದೆ ಎಂದು ಹಿಗ್ಗಿ ಇನ್ನಷ್ಟು ಉಜ್ಜಿದೆ. ಒಣಗಿದ ಮೇಲೆ ನೋಡಿದರೆ, ಉಜ್ಜಿದ ಕಡೆ ಹೊಳಪು ಹೋಗಿ ಅಂಗೈಯಷ್ಟು ಅಗಲದ ಮಂಕು ಕಲೆ. ಹತ್ತಿಗೆ ಬಂದದ್ದು ಕೊಳೆಯಲ್ಲ, ಪ್ಲೇಟೇ.

78 ಆರ್‌ಪಿಎಂ, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಪ್ಲೇಟು ಅರಗಿನದು ಎಂಬುದು ಆಗ ನನ್ನ ತಲೆಗೆ ಹೊಳೆದಿರಲಿಲ್ಲ. ಚನ್ನಪಟ್ಟಣದ ಬೊಂಬೆಗೆ ಬಣ್ಣ ಕೂರಿಸುವುದೂ ಅರಗಿನಿಂದಲೇ. ಅದನ್ನು ಶುದ್ಧಿ ಮಾಡಿ, ಕಲ್ಲಿನ ಪುಡಿ, ಕಾಡಿಗೆ ಸೇರಿಸಿ, ಕಾಯಿಸಿ ಒತ್ತಿದರೆ ಪ್ಲೇಟು. ಅದೇ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಡಗಿಗಳು ಮೇಜಿಗೆ ಪಾಲಿಶ್ ಹಚ್ಚುತ್ತಾರೆ. ಇಷ್ಟು ಗೊತ್ತಿದ್ದವನು ಪ್ಲೇಟಿಗೆ ಸ್ಪಿರಿಟ್ ಹಚ್ಚುತ್ತಾನೆಯೇ?

ಹಾಗಾಗಿ ಈಗ ಮೊದಲು ಜಾತಿ ನೋಡುತ್ತೇನೆ. ಕೈಗೆ ಭಾರ, ಸ್ವಲ್ಪವೂ ಬಾಗದ್ದು, ಬಿದ್ದರೆ ಹೆಂಚಿನ ಹಾಗೆ ಒಡೆಯುವಂಥದ್ದು ಅರಗಿನದು. ಹಗುರವಾಗಿದ್ದು ತುಸು ಬಳುಕಿದರೆ ವಿನೈಲ್ ಎಂಬ ಪ್ಲಾಸ್ಟಿಕ್ಕಿನದು. 1948ರಲ್ಲಿ ಬಂದ ಎಲ್‌ಪಿ (ಲಾಂಗ್ ಪ್ಲೇ, ಹೆಚ್ಚು ಹೊತ್ತು ನುಡಿಯುವ ಪ್ಲೇಟು) ಆ ಬಗೆಯದು. ಇವೆರಡೂ ಅಲ್ಲದೆ, ಅಲ್ಯೂಮಿನಿಯಂ ತಗಡಿನ ಮೇಲೆ ಲ್ಯಾಕರ್ ಎಂಬ ಮೆರುಗೆಣ್ಣೆ ಬಳಿದು ಧ್ವನಿಯನ್ನು ನೇರವಾಗಿ ಕೊರೆದ ಪ್ಲೇಟುಗಳೂ ಇವೆ. ಮೇಲ್ಪದರ ಸಿಪ್ಪೆ ಏಳುವ ಅಪಾಯವಿರುವುದರಿಂದ ಅವಕ್ಕೆ ನಾನು ನೀರು ಮುಟ್ಟಿಸುವುದಿಲ್ಲ. ಬಿರುಕು ಬಿಟ್ಟ ಅರಗಿನ ಪ್ಲೇಟಿಗೂ ಅದೇ ನಿಯಮ. ಕೊಲಂಬಿಯ ಕಂಪನಿಯ ಹಳೆಯ ಪ್ಲೇಟುಗಳಲ್ಲಿ ಕೆಲವಕ್ಕೆ ಒಳಗೆ ಕಾಗದದ ಪದರವಿರುತ್ತದೆ. ಬಿರುಕಿನಿಂದ ನೀರು ಇಳಿದರೆ ಅದು ಉಬ್ಬುತ್ತದೆ.

ಬೂಷ್ಟನ್ನು ಮನೆಯೊಳಗೆ ಕೊಡವಬಾರದು. ಮಾಸ್ಕ್ ಹಾಕಿಕೊಂಡು ಜಗಲಿಯಲ್ಲಿ ಕುಳಿತು, ಮೆತ್ತನೆಯ ಬ್ರಷ್ಷಿನಿಂದ ಒಣ ಧೂಳನ್ನು ಪೂರ್ತಿ ತೆಗೆಯುತ್ತೇನೆ. ಈ ಹಂತ ಬಿಟ್ಟರೆ ಧೂಳು ನೀರಿನೊಂದಿಗೆ ಸೇರಿ, ಹಾಡು ಕೊರೆದಿರುವ ಸಣ್ಣ ಗೆರೆಯೊಳಗೆ ಕೆಸರಾಗುತ್ತದೆ. ತೊಳೆಯಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್. ಬೋರ್‌ವೆಲ್ ನೀರು ಬೇಡ. ಒಣಗಿದಾಗ ಅದರ ಸುಣ್ಣ ಗೆರೆಯಲ್ಲೇ ಉಳಿಯುತ್ತದೆ. ಒಂದು ಲೀಟರಿಗೆ ಪಾತ್ರೆ ತೊಳೆಯುವ ದ್ರವ ಎರಡು ಮೂರು ಹನಿ ಸಾಕು. ನೀರು ತಣ್ಣಗಿರಲಿ, ಬಿಸಿಗೆ ಪ್ಲೇಟು ಸೊಟ್ಟಗಾಗುತ್ತದೆ.

ಪ್ಲೇಟನ್ನು ಬಕೆಟ್ಟಿನಲ್ಲಿ ಮುಳುಗಿಸುವುದಿಲ್ಲ. ಟವೆಲ್ಲಿನ ಮೇಲೆ ಮಲಗಿಸಿ, ಲೇಬಲ್ಲಿನ ಮೇಲೆ ಅದಕ್ಕಿಂತ ಸ್ವಲ್ಪ ಅಗಲದ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ಕವುಚಿ ಒತ್ತಿ ಹಿಡಿಯುತ್ತೇನೆ. ಇನ್ನೊಂದು ಕೈಯಲ್ಲಿ ಬ್ರಷ್ಷನ್ನು ಗೆರೆ ಹೋದ ದಿಕ್ಕಿನಲ್ಲೇ, ಬೀಸುವ ಕಲ್ಲು ತಿರುಗಿಸಿದ ಹಾಗೆ, ಸುತ್ತ ಓಡಿಸಬೇಕು, ಅಡ್ಡಡ್ಡ ಉಜ್ಜಬಾರದು. ನೊರೆ ಕಂದು ಬಣ್ಣಕ್ಕೆ ತಿರುಗಿತೆಂದರೆ ಗೆರೆಯ ತಳದ ಕೊಳೆ ಮೇಲೆ ಬಂತೆಂದು ಅರ್ಥ. ಆ ಮೇಲೆ ಸೋಪಿಲ್ಲದ ಶುದ್ಧ ನೀರಿನಲ್ಲಿ ಎರಡು ಸಲ ತೊಳೆದು, ಹಳೆಯ ಮೆತ್ತನೆಯ ಪಂಚೆಯ ತುಂಡನ್ನು ಒತ್ತಿ ನೀರು ಹೀರಿಸುತ್ತೇನೆ. ಒಂದು ಮುಖಕ್ಕೆ ಎರಡು ಮೂರು ನಿಮಿಷ ಸಾಕು. ಅರಗಿನ ಪ್ಲೇಟು ಹೆಚ್ಚು ಹೊತ್ತು ನೆನೆಯಬಾರದು. ತಟ್ಟೆ ಜೋಡಿಸುವ ಸ್ಟ್ಯಾಂಡಿನಲ್ಲಿ, ನೆರಳಲ್ಲಿ ನಿಲ್ಲಿಸಿದರೆ ಒಣಗುತ್ತದೆ. ಬಿಸಿಲಿಗಿಟ್ಟ ಎಲ್‌ಪಿ ಹಪ್ಪಳವಾದದ್ದನ್ನು ಸ್ನೇಹಿತನ ಮನೆಯಲ್ಲಿ ಕಣ್ಣಾರೆ ಕಂಡಿದ್ದೇನೆ.

ವಿನೈಲಿಗೂ ಇದೇ ಕ್ರಮ. ಅದನ್ನು ತೊಳೆಯುವ ನೀರಿಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೊಹಾಲ್ (ಸ್ಪಿರಿಟ್ಟಿನಂಥದೇ ದ್ರವ) ಬೆರೆಸುವವರಿದ್ದಾರೆ, ಮತ್ತು ಅದು ವಿನೈಲನ್ನು ಕರಗಿಸುವುದಿಲ್ಲ. ಆದರೂ ಎರಡು ಬಗೆಯ ಪ್ಲೇಟೂ ಇರುವ ಮನೆಯಲ್ಲಿ ಎರಡು ಬಾಟಲಿ ಇಟ್ಟುಕೊಂಡರೆ ಒಂದಲ್ಲ ಒಂದು ದಿನ ಕೈ ತಪ್ಪುತ್ತದೆ ಎಂದು ನಾನು ಅದನ್ನು ತರುವುದೇ ಇಲ್ಲ.

ತೊಳೆದರೂ ಹೋಗದ ಸದ್ದೊಂದಿದೆ. ಗ್ರಾಮಫೋನಿನಲ್ಲಿ ಗೆರೆಯ ಮೇಲೆ ಓಡುವ ಉಕ್ಕಿನ ಮುಳ್ಳನ್ನು ಒಂದೊಂದು ಮುಖಕ್ಕೂ ಬದಲಿಸಬೇಕಿತ್ತು. ಹೆಚ್ಚಿನ ಮನೆಗಳಲ್ಲಿ ಹಾಗೆ ಮಾಡುತ್ತಿರಲಿಲ್ಲ. ಸವೆದ ಮುಳ್ಳು ಗೆರೆಯನ್ನೇ ತಿಂದಿರುತ್ತದೆ. ಅಂಥ ಕಡೆ ಗೆರೆ ಬೆಳಕಿಗೆ ಬೂದಿಯ ಹಾಗೆ ಕಾಣುತ್ತದೆ, ಎಷ್ಟು ಉಜ್ಜಿದರೂ ಫಲವಿಲ್ಲ. ಇನ್ನೊಂದು ಮಾತು: 78ರ ಗೆರೆ ಎಲ್‌ಪಿಯ ಗೆರೆಗಿಂತ ಸುಮಾರು ಮೂರು ಪಟ್ಟು ಅಗಲ. ಎಲ್‌ಪಿಯ ಮುಳ್ಳಿನಲ್ಲೇ ನುಡಿಸಿದರೆ ಅದು ತಳದ ಕೊಳೆಯಲ್ಲಿ ಹೊರಳಾಡುತ್ತದೆ. ನಾನು 78ರ ಮುಳ್ಳು ತಂದ ದಿನ ಅರ್ಧ ಗರಗರ ತಾನಾಗಿ ಹೋಯಿತು.

ಕೊನೆಯದಾಗಿ ಕೈ ಹಾಕಿದ್ದು ಒಂದು ನಾಟಕದ ಹಾಡಿನ ಪ್ಲೇಟಿಗೆ. ಅದರ ಗೆರೆಯಲ್ಲಿ ಸಾಸಿವೆಯಷ್ಟು ಏನೋ ಅಂಟಿ ಗಟ್ಟಿಯಾಗಿತ್ತು, ಪ್ರಾಯಶಃ ಬೆಲ್ಲದ ಪಾಕ. ಒದ್ದೆ ಹತ್ತಿಯನ್ನು ಅದರ ಮೇಲೆ ಒಂದು ನಿಮಿಷ ಇಟ್ಟು, ಮರದ ಹಲ್ಲುಕಡ್ಡಿಯಿಂದ ಗೆರೆಯ ಉದ್ದಕ್ಕೆ ಮೆಲ್ಲಗೆ ನೂಕಿದೆ; ನಾಲ್ಕು ಸಲ ಹೀಗೆ ಮಾಡಿದ ಮೇಲೆ ಬಿಟ್ಟುಕೊಂಡಿತು. ಸಂಜೆ ಎಂಬತ್ತೆರಡರ ನನ್ನ ಸೋದರತ್ತೆಯನ್ನು ಕೂರಿಸಿ ಹಾಡು ಹಾಕಿದೆ. ಎರಡನೆಯ ಚರಣ ಬರುತ್ತಿದ್ದಂತೆ ಅವರು ಬೆರಳೆತ್ತಿ ಕಾದರು. ಹಾಡು ಮುಂದೆ ಹೋಯಿತು.

"ಇಲ್ಲೊಂದು ಟಕ್ ಎನ್ನುತ್ತಿತ್ತಲ್ಲೋ," ಎಂದರು, "ಅದನ್ನೂ ತೊಳೆದುಬಿಟ್ಟೆಯಾ?"