ಪ್ರೆಸ್ಟೊ ಕಾರ್ಡ್ ಕೊಡಿಸಿದ ಓಟಿ ದುಡ್ಡು

ಕೆನಡಾದ ಒಂಟಾರಿಯೊ ಪ್ರಾಂತ್ಯದ ಬ್ರಾಂಪ್ಟನ್‌ನ ಒಂದು ವೇರ್‌ಹೌಸ್‌ನಲ್ಲಿ ನಾನು ಪ್ಯಾಕಿಂಗ್ ಕೆಲಸದಲ್ಲಿದ್ದೆ. ಒಂದು ದಿನ ಕರೆದು 'ಟೀಮ್ ಲೀಡ್' ಮಾಡಿದರು. ಗಂಟೆ ಲೆಕ್ಕ ಹೋಗಿ ವಾರಕ್ಕೆ 968 ಡಾಲರ್ ಸಂಬಳವಾಯಿತು. ಹಾಸನದಲ್ಲಿರುವ ಅಮ್ಮನಿಗೆ ಖುಷಿಯಿಂದ ಫೋನ್ ಮಾಡಿದ್ದೆ. ಆದರೆ ಕೆಲಸ ಮೊದಲಿನದ್ದೇ. ಡಬ್ಬ ಕಟ್ಟು, ಲೇಬಲ್ ಅಂಟಿಸು. ಗಂಟೆ ಮಾತ್ರ ಜಾಸ್ತಿಯಾಗಿ ವಾರಕ್ಕೆ 50 ಮುಟ್ಟಿತು. ಓಟಿ, ಅಂದರೆ ಹೆಚ್ಚುವರಿ ಗಂಟೆಗಳ ದುಡ್ಡು, ಕೇಳಿದರೆ "ಸಂಬಳದವರಿಗೆ ಓಟಿ ಇಲ್ಲಮ್ಮ" ಎಂದರು. ಏಳು ತಿಂಗಳು ಅದನ್ನೇ ನಂಬಿಕೊಂಡಿದ್ದೆ.

ಅದು ತಪ್ಪು. ಒಂಟಾರಿಯೊದಲ್ಲಿ ವಾರಕ್ಕೆ 44 ಗಂಟೆ ದಾಟಿದರೆ ಸಂಬಳದವರಿಗೂ ಒಂದೂವರೆ ಪಟ್ಟು ಕೊಡಬೇಕು. ಮ್ಯಾನೇಜರ್‌ಗಳಿಗೆ ಇದು ಇಲ್ಲ, ನಿಜ. ಆದರೆ ಬ್ಯಾಡ್ಜಿನಲ್ಲಿ ಏನೇ ಬರೆದಿರಲಿ, ದಿನವಿಡೀ ಏನು ಕೆಲಸ ಮಾಡುತ್ತೀರಿ ಅನ್ನುವುದನ್ನೇ ಕಾನೂನು ನೋಡುತ್ತದೆ. ಇಲ್ಲಿರುವ ನಮ್ಮ ಸಾಫ್ಟ್‌ವೇರ್ ಜನಕ್ಕೆ ಒಂದು ತಿಳಿದಿರಲಿ: ಐಟಿ ವೃತ್ತಿಯವರನ್ನು ಓಟಿ ನಿಯಮದಿಂದ ಹೊರಗಿಟ್ಟಿದ್ದಾರೆ. ನನ್ನ ಯಜಮಾನರಿಗೆ ಸಿಗುವುದಿಲ್ಲ, ನನಗೆ ಸಿಗುತ್ತದೆ.

ಮೊದಲು ಆರು ಜನ ಸೇರಿ ಕ್ಲಾಸ್ ಆಕ್ಷನ್, ಅಂದರೆ ಎಲ್ಲರ ಪರವಾಗಿ ಒಂದೇ ದಾವೆ, ಹಾಕೋಣ ಅಂದುಕೊಂಡೆವು. ಸಿಐಬಿಸಿ ಬ್ಯಾಂಕಿನ ಟೆಲ್ಲರ್ ಡಾರಾ ಫ್ರೆಸ್ಕೊ ಸಾವಿರಾರು ಸಹೋದ್ಯೋಗಿಗಳ ಪರವಾಗಿ ಓಟಿಗಾಗಿ ಹೂಡಿದ ದಾವೆ ನಮ್ಮ ಮನಸ್ಸಿನಲ್ಲಿತ್ತು. ಕೊನೆಗೆ 15.3 ಕೋಟಿ ಡಾಲರ್‌ಗೆ ರಾಜಿಯಾಯಿತು. ಆದರೆ ದಾವೆ ಶುರುವಾದದ್ದು 2007ರಲ್ಲಿ, ರಾಜಿ 2023ರಲ್ಲಿ. ಆ ಹೆಣ್ಣುಮಗಳ ಛಲಕ್ಕೆ ಕೈಮುಗಿಯಬೇಕು. ನಮ್ಮಂಥ ಆರು ಜನಕ್ಕೆ ಅಷ್ಟು ಕಾಯಲು ಆಗುತ್ತಿರಲಿಲ್ಲ. ಪ್ರಾಂತ್ಯದ ಕಾರ್ಮಿಕ ಸಚಿವಾಲಯಕ್ಕೆ ಆನ್‌ಲೈನ್‌ನಲ್ಲೇ ಕ್ಲೇಮ್ ಹಾಕಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ದುಡ್ಡು ಬಾಕಿಯಾಗಿ 2 ವರ್ಷ ಕಳೆಯುವುದರೊಳಗೆ ಹಾಕಬೇಕು, ಅಷ್ಟೇ.

ಕಷ್ಟವಾದದ್ದು ಸಾಕ್ಷಿ. ನಾನು ಎಷ್ಟು ಗಂಟೆ ದುಡಿದೆ ಅಂತ ಕಂಪನಿ ಬರೆದೇ ಇಟ್ಟಿರಲಿಲ್ಲ. ಇಡಬೇಕಾದದ್ದು ಅವರ ಕರ್ತವ್ಯ. ಎರಡು ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಬಸ್ಸಿನ ಪ್ರೆಸ್ಟೊ ಕಾರ್ಡ್ ನೆನಪಾಯಿತು. ಅದರ ಖಾತೆಯಲ್ಲಿ ನಾನು ಬಸ್ ಹತ್ತಿದ ದಿನ, ಸಮಯ ಎಲ್ಲ ಇತ್ತು. ಬೆಳಿಗ್ಗೆ ಇಷ್ಟಕ್ಕೆ ಹೋದೆ, ರಾತ್ರಿ ಇಷ್ಟಕ್ಕೆ ವಾಪಸ್ ಹೊರಟೆ. "ಇವತ್ತು ಎಂಟರವರೆಗೆ ಇರು" ಅನ್ನುವ ಸೂಪರ್‌ವೈಸರ್ ಮೆಸೇಜ್‌ಗಳೂ ಫೋನಿನಲ್ಲಿದ್ದವು. ಮಗಳನ್ನು ಡೇಕೇರ್‌ನಿಂದ ಯಜಮಾನರು ಕರೆತಂದ ದಿನಗಳನ್ನು ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದ್ದೆ. ಮೂರನ್ನೂ ಪಕ್ಕಪಕ್ಕ ಇಟ್ಟು ವಾರವಾರದ ಪಟ್ಟಿ ಮಾಡಿದೆ. 31 ವಾರ, ಒಟ್ಟು 186 ಓಟಿ ಗಂಟೆ. 968ನ್ನು 44ರಿಂದ ಭಾಗಿಸಿದರೆ ಗಂಟೆಗೆ 22 ಡಾಲರ್, ಅದರ ಒಂದೂವರೆ ಪಟ್ಟು 33. ಹಾಗೆ ಒಟ್ಟು 6,138 ಡಾಲರ್. ಓಟಿ ದುಡ್ಡಿಗೂ ಶೇಕಡಾ 4ರಷ್ಟು ರಜೆ ಸಂಬಳ ಸೇರಬೇಕು, ಅದನ್ನು ಬಿಡಬೇಡಿ.

ಕ್ಲೇಮ್ ಹಾಕಿದ ಮೇಲೆ ಸಚಿವಾಲಯದ ಅಧಿಕಾರಿ ಎರಡೂ ಕಡೆಯವರನ್ನು ಕೇಳಿದರು. ಓಟಿ ಲೆಕ್ಕಕ್ಕೆ ಹಲವು ವಾರಗಳ ಗಂಟೆಯನ್ನು ಸೇರಿಸಿ ಸರಾಸರಿ ಮಾಡಲು ನಾನು ಒಪ್ಪಿದ್ದೆ ಅಂತ ಕಂಪನಿ ವಾದಿಸಿತು. ಅಂಥ ಒಪ್ಪಂದ ಬರಹದಲ್ಲಿರಬೇಕು. ಅವರ ಹತ್ತಿರ ಕಾಗದವೇ ಇರಲಿಲ್ಲ. ಪೂರ್ತಿ ದುಡ್ಡು ಬಂತು.

ಕ್ಲೇಮ್ ಹಾಕಿದ್ದಕ್ಕೆ ಕೆಲಸದಿಂದ ತೆಗೆದರೆ ಅದೂ ಕಾನೂನು ಬಾಹಿರ. ವರ್ಕ್ ಪರ್ಮಿಟ್‌ನಲ್ಲಿರುವವರಿಗೂ ಇದೇ ರಕ್ಷಣೆ. ಆದರೂ ನನ್ನ ಜೊತೆಗಿದ್ದ ಪಂಜಾಬಿ ಗೆಳತಿ ತುಂಬಾ ಹೆದರಿದ್ದಳು. ನನ್ನ ದುಡ್ಡು ಬಂದ ಮಾರನೆಯ ಸಂಜೆ ಅವಳೇ ಮನೆಗೆ ಬಂದಳು. ಚಹಾ ಇಟ್ಟು, ಅವಳ ಪ್ರೆಸ್ಟೊ ಖಾತೆ ತೆರೆದು, ಮೊದಲ ವಾರದಿಂದ ಬರೆಯಲು ಕೂತೆವು.