ಸೆಕೆಯ ಊರಿನಿಂದ ಹಿಮನದಿಗೆ: ಬೆವರು, ಪಾದ ಮತ್ತು ಖರ್ಚಿನ ಲೆಕ್ಕ

“ಮೊದಲು ಮನಾಲಿಗೆ ಹೋಗಿ ಹಿಮ ಮೆಟ್ಟಿ ಬನ್ನಿ, ಆಮೇಲೆ ಐಸ್‌ಲ್ಯಾಂಡ್ ಮಾತಾಡುವ” ಎಂದವರೇ ಜಾಸ್ತಿ. ಎಸಿ ಬಸ್ಸಿನಲ್ಲಿ ಶಾಲು ಹೊದೆಯುವ ಮಂಗಳೂರಿನವರಿಗೆ ಅದು ಆಗುವ ಕೆಲಸ ಅಲ್ಲ ಎಂದೂ ಹೇಳಿದರು. ಮನಾಲಿಗೆ ಹೋಗಲಿಲ್ಲ. ತಯಾರಿ ಪೂರ್ತಿ ನಡೆದದ್ದು ಬೆಳ್ತಂಗಡಿ ಹತ್ತಿರದ ಕೋಟೆಗುಡ್ಡ ಗಡಾಯಿಕಲ್ಲಿನ ಮೆಟ್ಟಿಲಿನಲ್ಲಿ, ಪಾಚಿ ಹಿಡಿದ ಅಂಗಳದಲ್ಲಿ ಮತ್ತು ಮಲ್ಪೆ ಕಡೆಯ ಒಂದು ಐಸ್ ಪ್ಲಾಂಟಿನಲ್ಲಿ. ಕಳೆದ ಆಗಸ್ಟಿನಲ್ಲಿ ನಾವು ಆರು ಜನ ಐಸ್‌ಲ್ಯಾಂಡಿನ ಸೋಲ್‌ಹೇಮಯೋಕುಲ್ ಹಿಮನದಿಯ ಮೇಲೆ ಸುಮಾರು ಮೂರೂವರೆ ಗಂಟೆ ನಡೆದೆವು. ಅದರಲ್ಲಿ ಇಬ್ಬರು ಅರುವತ್ತು ದಾಟಿದವರು. ಒಬ್ಬರ ಕಾಲಿಗೂ ನೀರುಗುಳ್ಳೆ ಏಳಲಿಲ್ಲ, ಒಬ್ಬರೂ ನಡುಗಲಿಲ್ಲ. ಮಾಮೂಲಿಯಾಗಿ ತಿರುಗುವ ಜಾಗದಿಂದ ಇನ್ನೊಂದು ಏರು ಮುಂದಕ್ಕೆ ಗೈಡ್ ತಾವಾಗಿಯೇ ಕರೆದುಕೊಂಡು ಹೋದರು.

2022ರ ಮೊದಲ ಪ್ರಯತ್ನ ಹೀಗಿರಲಿಲ್ಲ. ಆಗ ಕೆಟ್ಟದ್ದೆಲ್ಲ ಬೆವರಿನಿಂದ ಮತ್ತು ಪಾದದಿಂದ ಕೆಟ್ಟದ್ದು.

ಬೆವರಿನದ್ದು ಮೊದಲು ಹೇಳುತ್ತೇನೆ. ಊರಿನಿಂದ ಹೊರಡುವವರು ಮೊದಲು ಕೊಳ್ಳುವುದು ದಪ್ಪ ಪಫರ್ ಜಾಕೆಟ್. ಆ ಸಲ ನಾಲ್ಕು ಜನರ ಜಾಕೆಟ್ಟಿಗೇ ಮೂವತ್ತು ಸಾವಿರದ ಹತ್ತಿರ ಹೋಯಿತು. ಪಾರ್ಕಿಂಗ್‌ನಿಂದ ಐಸ್ ಮುಟ್ಟುವವರೆಗೆ ಅರ್ಧ ಗಂಟೆಯ ಕಲ್ಲುದಾರಿ ಉಂಟು. ಅಷ್ಟರಲ್ಲೇ ಒಳಗಿನ ಹತ್ತಿ ಬನಿಯನ್ ಹಿಂಡಿದರೆ ನೀರು ಬರುವಷ್ಟು ಒದ್ದೆ. ಕ್ರ್ಯಾಂಪಾನ್ (ಐಸ್ ಕಚ್ಚಲು ಬೂಟಿನ ಅಡಿಗೆ ಕಟ್ಟುವ ಲೋಹದ ಮುಳ್ಳು) ಕಟ್ಟಲು ಹತ್ತು ನಿಮಿಷ ನಿಂತಾಗ ಐಸ್ ಮೇಲಿಂದ ಇಳಿದು ಬರುವ ಗಾಳಿ ಆ ಒದ್ದೆಯನ್ನು ಹಿಡಿಯಿತು. ಅಲ್ಲಿಂದ ಮುಂದೆ ಮೇಲೆ ಏನು ಹೊದ್ದರೂ ಮೈ ಬಿಸಿಯಾಗಲಿಲ್ಲ. ಥರ್ಮಾಮೀಟರಿನಲ್ಲಿ 9 ಡಿಗ್ರಿ ಇತ್ತು, ಸೊನ್ನೆಗಿಂತ ಎಷ್ಟೋ ಮೇಲೆ.

ಹಾಗಾಗಿ ಈ ಸಲ ಬಟ್ಟೆಯ ಪರೀಕ್ಷೆ ಊರಿನಲ್ಲೇ ಆಯಿತು. ಜುಲೈ ಮಳೆಯಲ್ಲಿ ಬಟ್ಟೆ ಒಣಗುವುದಿಲ್ಲ ಎಂಬುದು ನಮಗೆಲ್ಲ ಗೊತ್ತಿರುವ ಕಷ್ಟ, ಅದನ್ನೇ ಅಳತೆಗೋಲು ಮಾಡಿಕೊಂಡದ್ದು. ಅಡುಗೆಮನೆಯ ತಕ್ಕಡಿಯಲ್ಲಿ ಒಣ ತೂಕ, ಹಿಂಡಿದ ಮೇಲಿನ ತೂಕ, ಫ್ಯಾನಿನ ಕೆಳಗೆ ಒಣಗಲು ಬೇಕಾದ ಹೊತ್ತು, ಈ ಮೂರನ್ನು ಬರೆದಿಟ್ಟೆ. ಹತ್ತಿ ಟೀ ಶರ್ಟ್ ಒಣಗಿದಾಗ 160 ಗ್ರಾಂ, ಹಿಂಡಿದ ಮೇಲೆ 330ರ ಹತ್ತಿರ, ಎರಡನೇ ದಿನಕ್ಕೂ ತೇವ. ತೆಳ್ಳಗಿನ ಪಾಲಿಯೆಸ್ಟರ್ 120 ಇದ್ದದ್ದು 180 ಆಯಿತು, ಎಂಟು ಗಂಟೆಯಲ್ಲಿ ಒಣಗಿತು. ಮೆರಿನೋ ಉಣ್ಣೆ ನಡುವೆ ನಿಂತಿತು. ಒದ್ದೆಯಾದರೂ ಮೈಗೆ ತಣ್ಣಗೆ ತಾಗುವುದಿಲ್ಲ, ಆದರೆ ಒಂದಕ್ಕೆ ನಾಲ್ಕು ಸಾವಿರ. ಪಾಲಿಯೆಸ್ಟರ್ ಸಾಕು.

ನಂತರದ್ದು ಐಸ್ ಪ್ಲಾಂಟ್. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆ ನಿಷೇಧ. ಜುಲೈ ಕೊನೆಯ ವಾರ ಆಗಸ್ಟಿನ ಬೋಟುಗಳಿಗೆಂದು ಪ್ಲಾಂಟುಗಳು ಮತ್ತೆ ಐಸ್ ಕಟ್ಟಲು ಶುರುಮಾಡುತ್ತವೆ. ಪರಿಚಯದವರ ಅನುಮತಿಯಿಂದ ಐಸ್ ಪೇರಿಸುವ ಕೋಣೆಯಲ್ಲಿ ಇಪ್ಪತ್ತು ನಿಮಿಷ ನಿಲ್ಲಲು ಸಿಕ್ಕಿತು. ಅಮೋನಿಯಾ ಇರುವ ಜಾಗ, ಗುರುತಿಲ್ಲದೆ ನುಗ್ಗುವಂಥದ್ದಲ್ಲ. ಕೆಲಸದವರು ಒಬ್ಬರು ಬಾಗಿಲಿನಲ್ಲೇ ಇರಬೇಕು. ಹೊರಗೆ ಮೆಟ್ಟಿಲು ಹತ್ತಿ ಇಳಿದು ಚೆನ್ನಾಗಿ ಬೆವರಿ, ಟೇಬಲ್ ಫ್ಯಾನ್ ಎದುರಿಗೆ ಇಟ್ಟುಕೊಂಡು ಒಳಗೆ ನಿಲ್ಲುವುದು. ಹತ್ತಿ ಹಾಕಿದವರು ಆರೇಳು ನಿಮಿಷಕ್ಕೆ ಹೊರಗೆ ಬಂದರು. ಪಾಲಿಯೆಸ್ಟರ್, ಅದರ ಮೇಲೆ ತೆಳ್ಳಗಿನ ಫ್ಲೀಸ್, ಮೇಲೊಂದು ಗಾಳಿ ತಡೆಯುವ ಕೋಟು ಹಾಕಿದವರು ಇಪ್ಪತ್ತು ನಿಮಿಷ ಮಾತಾಡುತ್ತಾ ನಿಂತರು. ಅವತ್ತೇ ಪಫರ್ ಜಾಕೆಟ್ ಪಟ್ಟಿಯಿಂದ ಹೋಯಿತು. ಊಟಕ್ಕೆ ಕೂರುವಾಗ ಹಾಕಲು ಇಬ್ಬರಿಗೆ ಒಂದರಂತೆ ಚೀಲದಲ್ಲಿಟ್ಟರೆ ಸಾಕು.

ಹಿಮನದಿಯಲ್ಲಿ ಪಾಲಿಸಿದ ನಿಯಮ ಒಂದೇ: ಪಾರ್ಕಿಂಗ್ ಬಿಡುವಾಗ ಸ್ವಲ್ಪ ಚಳಿ ಅನಿಸಬೇಕು. ಅನಿಸದಿದ್ದರೆ ಒಂದು ಪದರ ತೆಗೆದು ಚೀಲಕ್ಕೆ ಹಾಕುವುದು. ಕ್ರ್ಯಾಂಪಾನ್ ಕಟ್ಟಲು ನಿಂತ ಕೂಡಲೇ, ಚಳಿ ಆಗುವ ಮೊದಲೇ, ಅದನ್ನು ಹಾಕಿಕೊಳ್ಳುವುದು. ಮಳೆಕೋಟಿನ ವಿಷಯದಲ್ಲಿ ನಮ್ಮವರು ತಮಗೆ ಎಲ್ಲ ಗೊತ್ತು ಅಂದುಕೊಳ್ಳುತ್ತಾರೆ. ಸ್ಕೂಟರಿಗೆ ಹಾಕುವ ಪಿವಿಸಿ ಕೋಟು ಹೊರಗಿನ ನೀರನ್ನು ಪೂರ್ತಿ ತಡೆಯುತ್ತದೆ, ಒಳಗಿನ ಬೆವರನ್ನೂ ಪೂರ್ತಿ ತಡೆಯುತ್ತದೆ. ಕಂಕುಳಲ್ಲಿ ಜಿಪ್ ಇರುವ ಉಸಿರಾಡುವ ಕೋಟೇ ಬೇಕು. ಪ್ಯಾಂಟಿನ ಮೇಲೆಯೂ ಮಳೆಪ್ಯಾಂಟು ಬೇಕು. ಜೀನ್ಸ್ ಹಾಕಿ ಹೋದರೆ ಗೈಡ್‌ಗಳು ಅಲ್ಲೇ ಬದಲಿಸಲು ಹೇಳುತ್ತಾರೆ.

ಇನ್ನು ಪಾದ. ಚಪ್ಪಲಿಯಲ್ಲೇ ಬೆಳೆದ ಕರಾವಳಿಯ ಪಾದ ಮುಂದೆ ಅಗಲ, ಹಿಮ್ಮಡಿ ಸಪೂರ. ಅಲ್ಲಿ ಬಾಡಿಗೆಗೆ ಕೊಡುವ ಬೂಟು ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧ. 2022ರಲ್ಲಿ ಬಾಡಿಗೆ ಬೂಟು ಹಾಕಿದ ಮೂವರಲ್ಲಿ ಇಬ್ಬರ ಕಿರುಬೆರಳು ಸುಲಿದು ಹೋಯಿತು. ಮೆತ್ತಗಿನ ಓಟದ ಶೂ ಹಾಕುವಂತಿಲ್ಲ; ಅಟ್ಟೆ ಬಗ್ಗಿದರೆ ಕ್ರ್ಯಾಂಪಾನ್ ಸಡಿಲಾಗಿ ಹಿಂದಿನಿಂದ ಕಳಚುತ್ತದೆ. ಕಣಕಾಲು ಮುಚ್ಚುವ, ಕೈಯಲ್ಲಿ ಹಿಡಿದು ಬಗ್ಗಿಸಿದರೆ ಸುಲಭವಾಗಿ ಬಗ್ಗದ, ಮುಂದೆ ಅಗಲವಿರುವ ಬೂಟನ್ನು ಒಂದು ಸೈಜ್ ದೊಡ್ಡದು ಕೊಳ್ಳಬೇಕು. ಎಂಟರಿಂದ ಹತ್ತು ಸಾವಿರ ಆಗುತ್ತದೆ. ಸಂಜೆ, ಕಾಲು ಊದಿರುವ ಹೊತ್ತಿನಲ್ಲಿ, ದಪ್ಪ ಕಾಲುಚೀಲ ಹಾಕಿ ಅಳತೆ ನೋಡಿ. ಇಳಿಜಾರಿನಲ್ಲಿ ನಿಂತಾಗ ಹೆಬ್ಬೆರಳು ಮುಂದೆ ತಾಗಬಾರದು. ಸಪೂರ ಹಿಮ್ಮಡಿ ಒಳಗೆ ಏಳದಂತೆ ಒಂದು ಪಟ್ಟಿ ಅಂಟಿಸುವ ಉಪಾಯ ಉಂಟು. ಎಲ್ಲಿ, ಯಾವುದರಿಂದ ಎಂಬುದನ್ನು ಜೊತೆಗೆ ನಡೆಯುವವರಿಗೆ ಮಾತ್ರ ತೋರಿಸುವುದು ರೂಢಿ, ಹಾಗಾಗಿ ಇಲ್ಲಿ ಬಿಟ್ಟಿದ್ದೇನೆ.

ಬೂಟು ಪಳಗಿಸಲು 80 ಕಿ.ಮೀ. ಲೆಕ್ಕ ಇಟ್ಟದ್ದು. ಕುದುರೆಮುಖ ಒಂದು ಸಲ ಹತ್ತಿ ಇಳಿದರೆ ಹೆಚ್ಚುಕಡಿಮೆ 20 ಆಗುತ್ತದೆ. ಉಳಿದದ್ದು ಕದ್ರಿ ಗುಡ್ಡೆ ಮತ್ತು ಗಡಾಯಿಕಲ್ಲು. ಗಡಾಯಿಕಲ್ಲಿನ ಸಾವಿರದೆಂಟುನೂರು ಚಿಲ್ಲರೆ ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದು ಮುಖ್ಯ. ಹಿಮನದಿಯಲ್ಲಿ ಎಲ್ಲರೂ ಸೋಲುವುದು ವಾಪಸು ಬರುವಾಗ, ತೊಡೆ ನಡುಗಿದಾಗ. ಬೆನ್ನಿಗೆ ಆರೇಳು ಕಿಲೋ ಹಾಕಿ, ಕೈ ಊರದೆ, ಮಂಡಿ ಸ್ವಲ್ಪ ಬಗ್ಗಿಸಿಕೊಂಡೇ ಇಳಿಯುವ ಅಭ್ಯಾಸ ವಾರಕ್ಕೆ ಒಂದು ಸಲದಂತೆ ಆರು ವಾರ. ಪಣಂಬೂರಿನ ಮರಳಿನಲ್ಲಿ ನಡೆದದ್ದು ಮೀನಖಂಡಕ್ಕೆ ಒಳ್ಳೆಯದೇ, ಆದರೆ ಐಸಿಗೆ ಅದರಿಂದ ಹೆಚ್ಚೇನೂ ಸಿಗಲಿಲ್ಲ.

ಪಾಚಿಯ ಅಂಗಳದಿಂದ ಮಾತ್ರ ನಿಜವಾಗಿ ಲಾಭವಾಯಿತು. ಆಟಿಯ ಮಳೆಯಲ್ಲಿ (ತುಳುವಿನ ಜುಲೈ-ಆಗಸ್ಟ್ ತಿಂಗಳು) ದನದ ಹಟ್ಟಿಗೆ ಹೋಗಿ ಬರುವವರು ಹೇಗೆ ನಡೆಯುತ್ತಾರೆ ನೋಡಿ: ಚಿಕ್ಕ ಹೆಜ್ಜೆ, ಪಾದ ಪೂರ್ತಿ ನೆಲಕ್ಕೆ, ಮೈಭಾರ ನೇರ ಕಾಲಿನ ಮೇಲೆ. ಕ್ರ್ಯಾಂಪಾನ್ ಕಟ್ಟುವ ಮೊದಲಿನ ಒದ್ದೆ ಕಲ್ಲಿಗೆ ಇದು ಹಾಗೇ ನಡೆಯುತ್ತದೆ. ಕಟ್ಟಿದ ಮೇಲೆ ಒಂದೇ ವ್ಯತ್ಯಾಸ, ಪಾದವನ್ನು ಮೆಲ್ಲಗೆ ಇಡಬಾರದು, ಊರಿ ಮೆಟ್ಟಬೇಕು. ಎಲ್ಲ ಮುಳ್ಳೂ ಒಟ್ಟಿಗೆ ಕಚ್ಚಬೇಕು. ಇಳಿಜಾರಿಗೆ ಹೆದರಿ ಪಾದವನ್ನು ಅಂಚಿನ ಮೇಲೆ ಇಟ್ಟವರು ಜಾರುತ್ತಾರೆ. ಎರಡು ಕಾಲುಗಳ ನಡುವೆ ಒಂದು ಗೇಣು ಅಂತರ ಬೇಕು, ಇಲ್ಲದಿದ್ದರೆ ಒಂದು ಕಾಲಿನ ಮುಳ್ಳು ಇನ್ನೊಂದು ಕಾಲಿನ ಪ್ಯಾಂಟಿಗೆ ಸಿಕ್ಕಿಕೊಂಡು ಮುಗ್ಗರಿಸುತ್ತಾರೆ. ಮಳೆಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತುರುಕಿ, ಮೇಲೊಂದು ರಬ್ಬರ್ ಬ್ಯಾಂಡ್ ಹಾಕಿದರೆ ಈ ರಗಳೆ ಇಲ್ಲ.

ಐಸ್ ಪ್ಲಾಂಟಿನಲ್ಲೇ ಕ್ರ್ಯಾಂಪಾನ್ ನಡಿಗೆಯನ್ನೂ ಪ್ರಯತ್ನಿಸಿದ್ದು ಉಂಟು. ಪರ್ವತಾರೋಹಣದ ಕೋರ್ಸ್ ಮಾಡಿದ ಗೆಳೆಯರಿಂದ 10 ಮುಳ್ಳಿನ ಜೋಡಿ ತಂದು, ಐಸ್ ಗಡ್ಡೆಗಳನ್ನು ಇಳಿಜಾರಾಗಿ ಜೋಡಿಸಿ ಮೆಟ್ಟಿದರೆ, ಗಡ್ಡೆಗಳು ಸೀಳಿ ಹೋದವು. ಪ್ಲಾಂಟಿನ ಐಸ್ ಗಾಜಿನ ಹಾಗೆ. ಹಿಮನದಿಯ ಮೇಲ್ಮೈ ಬಿಸಿಲು ಮಳೆ ತಿಂದು ಬೆಳ್ಳಗೆ ಪುಡಿಪುಡಿಯಾಗಿರುತ್ತದೆ, ಮುಳ್ಳು ಅದರಲ್ಲಿ ಚೆನ್ನಾಗಿ ಕೂರುತ್ತದೆ. ನಡಿಗೆಗೆ ಆ ಪ್ರಯೋಗ ದಂಡ. ಆದರೆ ಮರಗಟ್ಟಿದ ಬೆರಳಿನಲ್ಲಿ, ಒದ್ದೆ ಕೈಗವಸಿನಲ್ಲಿ ಪಟ್ಟಿ ಕಟ್ಟುವುದು ಅಲ್ಲೇ ಕೈಗೆ ಹತ್ತಿತು. ಬಕಲ್ ಹೊರಬದಿಗೆ ಬರಬೇಕು, ಉಳಿದ ಪಟ್ಟಿಯ ತುದಿಯನ್ನು ಒಳಗೆ ಸಿಕ್ಕಿಸಬೇಕು, ಹತ್ತು ನಿಮಿಷ ನಡೆದ ಮೇಲೆ ನಿಂತು ಮತ್ತೆ ಬಿಗಿಯಬೇಕು. ಆನ್‌ಲೈನಿನಲ್ಲಿ ಸಿಗುವ ಸರಪಳಿಯ ಮೈಕ್ರೋಸ್ಪೈಕನ್ನು ಹಿಮನದಿಗೆಂದು ಕೊಳ್ಳಬೇಡಿ. ಕ್ರ್ಯಾಂಪಾನ್, ಹೆಲ್ಮೆಟ್, ಹಾರ್ನೆಸ್ (ಸೊಂಟಕ್ಕೂ ತೊಡೆಗೂ ಕಟ್ಟುವ ಪಟ್ಟಿ), ಐಸ್ ಆಕ್ಸ್ ಎಲ್ಲ ಅಲ್ಲೇ ಕೊಡುತ್ತಾರೆ. ನಡಿಗೆಗೆ ಹಾರ್ನೆಸ್ ಯಾಕೆ ಎಂದು ಹಲವರು ಕೇಳುತ್ತಾರೆ. ಐಸಿನ ಆಳದ ಸೀಳಿಗೆ ಬಿದ್ದರೆ ಹಗ್ಗ ಸಿಕ್ಕಿಸಿ ಎಳೆಯಲು.

ತಿಂಡಿಯನ್ನೂ ಫ್ರೀಜರಿನಲ್ಲಿಟ್ಟು ನೋಡಿದ್ದು ಆಯಿತು. ತುಪ್ಪದ ಹಲ್ವ ಕಲ್ಲಾಯಿತು, ಶೇಂಗಾ ಚಿಕ್ಕಿ ಹಲ್ಲಿಗೆ ಅಪಾಯ. ಬೆಲ್ಲ ಬೆರೆಸಿದ ಒಣ ಅವಲಕ್ಕಿ ಮತ್ತು ಗೋಡಂಬಿ ಹಾಗೇ ಉಳಿದವು. ಫೋನನ್ನು ಒಳಗಿನ ಪದರದ ಕಿಸೆಯಲ್ಲಿ, ಮೈಗೆ ತಾಗಿಕೊಂಡು ಇಡಿ. ಹೊರಗಿನ ಕಿಸೆಯಲ್ಲಿ ಇಟ್ಟವರದ್ದು ಮಧ್ಯಾಹ್ನದೊಳಗೆ ಖಾಲಿ.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಐಸ್‌ಲ್ಯಾಂಡಿಗೆ ಬೇಕಾದ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಂದೇ) ಶುಲ್ಕ 2024ರ ಜೂನ್‌ನಿಂದ 90 ಯೂರೋ, ಅದರ ಮೇಲೆ ಅರ್ಜಿ ಕೇಂದ್ರದ್ದು ಬೇರೆ. ಕನಿಷ್ಠ 30,000 ಯೂರೋ ವಿಮೆ ಕಡ್ಡಾಯ. ಪಾಲಿಸಿಯಲ್ಲಿ ಗೈಡ್ ಜೊತೆಗಿನ ಹಿಮನದಿ ನಡಿಗೆ ಸೇರಿದೆಯೇ ಎಂದು ಓದಿ ನೋಡಿ, ‘ಸಾಹಸ ಕ್ರೀಡೆ’ ಎಂದು ಹೊರಗಿಟ್ಟಿರುತ್ತಾರೆ. ವಿಮಾನ ತಲೆಗೆ ಒಂದು ಲಕ್ಷದ ಆಸುಪಾಸು. ಮೊದಲ ಸಲ ಮಂಗಳೂರಿನ ಬಜ್ಪೆ ನಿಲ್ದಾಣದಿಂದ ದುಬೈಗೆ ಒಂದು, ಅಲ್ಲಿಂದ ಮುಂದಕ್ಕೆ ಬೇರೆ ಟಿಕೆಟ್ ಮಾಡಿದ್ದು ದೊಡ್ಡ ತಪ್ಪು. ಟಿಕೆಟ್ ಬೇರೆಯಾದರೆ ಲಗೇಜ್ ಹೊರಗೆ ತೆಗೆಯಬೇಕು, ಅದಕ್ಕೆ ದುಬೈ ವೀಸಾ ಬೇಕು. ಉಳಿಸಿದ ಹತ್ತು ಸಾವಿರ ಹೋಗಿ ಇನ್ನೂ ಎಂಟು ಸಾವಿರ ಕೈಬಿಟ್ಟಿತು. ಈ ಸಲ ಬೆಂಗಳೂರಿನಿಂದ ಒಂದೇ ಟಿಕೆಟ್.

ನಡಿಗೆಯ ಆಯ್ಕೆಯಲ್ಲಿ ದುಡ್ಡು ಉಳಿಸಬೇಡಿ. ಅಗ್ಗದ ಮೂರು ಗಂಟೆಯದ್ದು ಹನ್ನೊಂದು ಹನ್ನೆರಡು ಸಾವಿರ; ಅದರಲ್ಲಿ ಸಲಕರಣೆಗೆ ಅರ್ಧ ಗಂಟೆ, ಹೋಗಿ ಬರುವ ಕಲ್ಲುದಾರಿಗೆ ಒಂದು ಗಂಟೆ ಕಳೆದರೆ ಐಸ್ ಮೇಲೆ ಉಳಿಯುವುದು ಒಂದೂವರೆ ಗಂಟೆ ಮಾತ್ರ. ಐದು ಗಂಟೆಯದ್ದು ಹದಿನೆಂಟು ಸಾವಿರದ ಹತ್ತಿರ, ಐಸ್ ಮೇಲಿನ ಹೊತ್ತು ಎರಡು ಪಟ್ಟಿಗೂ ಹೆಚ್ಚು. ಸೀಳುಗಳು, ನೀರು ಸುಳಿದು ಇಳಿಯುವ ಆಳದ ಬಾವಿಗಳು, ಬೂದಿ ಮುಚ್ಚಿದ ಕಪ್ಪು ಗೋಪುರಗಳು ಸಿಗುವುದು ಮೇಲಿನ ಭಾಗದಲ್ಲಿ. ಆ ಗೋಪುರದ ಒಳಗೆ ಐಸೇ ಇರುವುದು, ದಪ್ಪ ಬೂದಿ ಬಿಸಿಲನ್ನು ತಡೆದು ಕರಗದಂತೆ ಕಾಯುತ್ತದೆ.

ರೇಕ್ಯಾವಿಕ್‌ನಿಂದ ಸೋಲ್‌ಹೇಮಯೋಕುಲ್ 160 ಕಿ.ಮೀ. ದೂರ. ಮೀರ್ದಾಲ್ಸ್‌ಯೋಕುಲ್ ಎಂಬ ದೊಡ್ಡ ಹಿಮಟೋಪಿಯಿಂದ ಇಳಿಯುವ ನಾಲಗೆ ಅದು, ಆ ಟೋಪಿಯ ಕೆಳಗೆ 1918ರಲ್ಲಿ ದೊಡ್ಡದಾಗಿ ಸಿಡಿದ ಕಾಟ್ಲಾ ಜ್ವಾಲಾಮುಖಿ. ಹತ್ತಿರದ ಹೊಳೆಗೆ ಕೊಳೆತ ಮೊಟ್ಟೆಯ ವಾಸನೆ ಇರುವುದು ಆ ಕಾರಣಕ್ಕೇ. ನಾಲಗೆ ವರ್ಷವರ್ಷ ಹಿಂದೆ ಸರಿಯುತ್ತಿದೆ. 2022ರಲ್ಲಿ ಐಸ್ ಹತ್ತಿದ ಜಾಗ ಈ ಸಲ ಇರಲೇ ಇಲ್ಲ, ಅಲ್ಲಿ ನೀರು ನಿಂತಿತ್ತು. ಅದನ್ನು ಕಂಡು ಹೊಟ್ಟೆ ಚುರ್ ಅಂದಿತು. ದಾರಿ ಹೀಗೆ ಬದಲಾಗುವುದರಿಂದ ಹಳೆಯ ವಿಡಿಯೋ ನೋಡಿ ಗೈಡ್ ಜೊತೆ ವಾದಿಸುವುದರಲ್ಲಿ ಅರ್ಥವಿಲ್ಲ. ಬೇಸಗೆಯಲ್ಲಿ ಐಸ್ ಗುಹೆಯೊಳಗೆ ಕರೆದುಕೊಂಡು ಹೋಗಿ ಎಂದು ಪೀಡಿಸಲೂ ಬೇಡಿ. 2024ರ ಆಗಸ್ಟಿನಲ್ಲಿ ಅಲ್ಲಿನದೇ ಇನ್ನೊಂದು ಹಿಮನದಿ ಬ್ರೇಡಾಮೆರ್ಕುರ್‌ಯೋಕುಲ್‌ನಲ್ಲಿ ಐಸ್ ಕುಸಿದು ಒಬ್ಬ ಪ್ರವಾಸಿಗರು ಸತ್ತರು.

ಗಾಳಿಗೆಂದು ಎರಡು ದಿನ ಖಾಲಿ ಇಟ್ಟುಕೊಳ್ಳಬೇಕು. ಅಲ್ಲಿನ ಹವಾಮಾನ ವರದಿಯಲ್ಲಿ ಗಾಳಿ ಸೆಕೆಂಡಿಗೆ ಮೀಟರ್ ಲೆಕ್ಕದಲ್ಲಿ ಇರುತ್ತದೆ. 15 ಎಂದು ಕಂಡರೆ ಗಂಟೆಗೆ 54 ಕಿ.ಮೀ. 2022ರಲ್ಲಿ ಎರಡನೇ ನಡಿಗೆಯ ದಿನ 20 ದಾಟಿ ರದ್ದಾಯಿತು, ಮರುದಿನವೇ ವಾಪಸು ವಿಮಾನ ಇದ್ದ ಕಾರಣ ಅದು ಕೈತಪ್ಪಿತು. ಈ ಸಲ ನಡಿಗೆಯನ್ನು ಪ್ರವಾಸದ ಎರಡನೇ ದಿನಕ್ಕೇ ಹಾಕಿದ್ದರಿಂದ, ಒಂದು ದಿನ ಮುಂದೆ ಹೋದರೂ ಏನೂ ತೊಂದರೆಯಾಗಲಿಲ್ಲ. ಬೆಳಗ್ಗಿನ ಯಾವ ಗುಂಪಿಗೆ ಸೇರಿದರೆ ಜನ ಕಡಿಮೆ ಇರುತ್ತಾರೆ ಎಂಬ ಲೆಕ್ಕವೂ ಒಂದು ಉಂಟು, ಅದನ್ನು ಇನ್ನೆರಡು ಸಲ ಪರೀಕ್ಷಿಸಿದ ಮೇಲೆ ಬರೆಯುತ್ತೇನೆ.

ವಾಪಸು ಬಂದ ಮೇಲೆ ಬೂಟನ್ನು ಪೆಟ್ಟಿಗೆಗೆ ಹಾಕಿ ಅಟ್ಟಕ್ಕೆ ಏರಿಸಬೇಡಿ. ಹಳೆಯ ಜೋಡಿಯೊಂದು ಹಾಗೇ ಮೂರು ಮಳೆಗಾಲ ಕೂತು, ಹೊರಗೆ ಹೊಸದರಂತೆ ಕಾಣುತ್ತಿದ್ದದ್ದು ಕುದುರೆಮುಖದ ಅರ್ಧದಾರಿಯಲ್ಲಿ ಅಟ್ಟೆ ಪುಡಿಪುಡಿಯಾಗಿ ಬಿಟ್ಟುಕೊಂಡಿತು. ನಡುವಿನ ಪಾಲಿಯುರೆಥೇನ್ ಪದರ ನಮ್ಮ ಗಾಳಿಯ ತೇವಕ್ಕೆ ಒಳಗಿಂದಲೇ ಕೊಳೆಯುತ್ತದೆ, ಬಳಸದೆ ಇಟ್ಟದ್ದು ಬೇಗ ಹೋಗುತ್ತದೆ. ಒಳಗಿನ ಪ್ಯಾಡ್ ತೆಗೆದು, ಕಾಗದ ತುರುಕಿ, ಫ್ಯಾನಿನ ಕೆಳಗೆ ಎರಡು ದಿನ ಒಣಗಿಸಿ, ತೆರೆದ ಕಪಾಟಿನಲ್ಲಿ ಇಡಿ. ತಿಂಗಳಿಗೆ ಒಂದು ಸಲವಾದರೂ ಅದನ್ನೇ ಹಾಕಿ ಕದ್ರಿ ಗುಡ್ಡೆ ಹತ್ತಿ.