ಅಳತೆ ಪುಸ್ತಕದ ಕೊನೆಯ ಪುಟ

ನನ್ನ ಅಳತೆ ಪುಸ್ತಕದ ಕೊನೆಯ ಪುಟದಲ್ಲಿ ನಮ್ಮ ಮನೆಯವರ ಅಳತೆ ಇದೆ. ಎದೆ 40. ಭುಜ 18. ತೋಳು 24. ಕಾಲರ್ 16. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆದುಕೊಂಡಿದ್ದೇನೆ: ಬಲ ಭುಜ ಅರ್ಧ ಇಂಚು ಇಳಿಕೆ. ಅವರು 19 ವರ್ಷ ಮನೆಮನೆಗೆ ಗ್ಯಾಸ್ ಸಿಲಿಂಡರ್ ಹಾಕುತ್ತಿದ್ದರು. ತುಂಬಿದ ಸಿಲಿಂಡರ್ ಹತ್ತಿರ ಹತ್ತಿರ 30 ಕಿಲೋ ತೂಗುತ್ತದೆ. ಅದನ್ನು ಬಲ ಹೆಗಲ ಮೇಲಿಟ್ಟುಕೊಂಡು ಮಹಡಿ ಹತ್ತಿ ಹತ್ತಿ ಆ ಭುಜ ಇಳಿದಿತ್ತು. ಅಂಗಡಿಯ ಶರ್ಟು ಹಾಕಿದರೆ ಬಲಗಡೆ ಸುಕ್ಕು ನಿಲ್ಲುತ್ತಿತ್ತು. ಅದಕ್ಕೇ ಅವರ ಶರ್ಟುಗಳನ್ನೆಲ್ಲ ನಾನೇ ಹೊಲಿಯುತ್ತಿದ್ದೆ.

ನಮ್ಮ ಮನೆ ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿ. ಮುಂದಿನ ಕೋಣೆಯಲ್ಲೇ ಹೊಲಿಗೆ ಮೆಷಿನ್. ಬ್ಲೌಸ್, ಸ್ಕೂಲ್ ಯೂನಿಫಾರ್ಮ್, ಸೀರೆಗೆ ಫಾಲ್, ಇವೇ ನನ್ನ ಕೆಲಸ. 2020ರಲ್ಲಿ ಮಾಸ್ಕ್ ಕೂಡ ರಾಶಿ ರಾಶಿ ಹೊಲಿದೆ. ನಾವು ಸಿ.ಎಸ್.ಐ., ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರೊಟೆಸ್ಟೆಂಟ್ ಕ್ರೈಸ್ತ ಸಭೆಯವರು. ಅತ್ತೆ ಮಂಡ್ಯದ ಕಡೆಯವರು, ಗದ್ದೆ ಕೆಲಸ ಮಾಡಿ ಬೆಳೆದವರು. ಓದು ಬರಹ ಬರುವುದಿಲ್ಲ.

2021ರಲ್ಲಿ ಈಸ್ಟರ್ ಏಪ್ರಿಲ್ 4ಕ್ಕೆ ಬಂದಿತ್ತು. ಮೇ ಮೊದಲ ವಾರ ನಮ್ಮ ಮನೆಯವರಿಗೆ ಜ್ವರ ಬಂತು. ಎರಡನೇ ವಾರ ಅವರು ಹೋದರು. ಆಸ್ಪತ್ರೆಗೆ ಸೇರಿಸಿದ ಮೇಲೆ ಮುಖ ನೋಡಲು ಬಿಡಲಿಲ್ಲ. ಕೊರೊನಾ ದಿನಗಳ ನಿಯಮವೇ ಹಾಗಿತ್ತು, ಯಾರನ್ನೂ ದೂರಲಾರೆ. ಅವರಿಗೆ ಹಾಕಲು ಬಿಳಿ ಶರ್ಟು ತೆಗೆದುಕೊಂಡು ಹೋಗಿದ್ದೆ. ಕ್ರಿಸ್ಮಸ್‌ಗೆಂದು ಹೊಲಿದದ್ದು, ಒಂದೇ ಸಲ ಹಾಕಿದ್ದರು. ಅದನ್ನು ತೊಡಿಸಲು ಆಗಲಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಜಿಪ್ ಹಾಕಿ ಕೊಟ್ಟರು. ಸ್ಮಶಾನದಲ್ಲಿ ಪಿಪಿಇ ಕಿಟ್ ಹಾಕಿದ್ದ ಹುಡುಗರು ಇಳಿಸಿದರು. ನಾನು, ಮಗ, ಮೈದುನ, ಸಭೆಯ ಪಾದ್ರಿ ಅಯ್ಯನವರು ದೂರದಲ್ಲಿ ನಿಂತಿದ್ದೆವು. ಶರ್ಟು ಇಟ್ಟ ಚೀಲ ನನ್ನ ಕೈಯಲ್ಲೇ ಇತ್ತು. ಅದು ಹಾಗೇ ವಾಪಸ್ಸು ಮನೆಗೆ ಬಂತು.

ಊರಿನವರಿಗೆಲ್ಲ ಬಟ್ಟೆ ಹೊಲಿದವಳು. ನನ್ನ ಗಂಡನಿಗೆ ಕೊನೆಯ ಬಟ್ಟೆ ತೊಡಿಸಲಿಲ್ಲ. ಸಾವಿಗಿಂತ ಇದೇ ನನ್ನನ್ನು ಜಾಸ್ತಿ ತಿಂದಿತು.

ಫೋನ್ ಮಾಡಿದವರು ಒಳ್ಳೆ ಮನಸ್ಸಿನಿಂದಲೇ ಸಮಾಧಾನ ಹೇಳಿದರು. ದೇವರ ಚಿತ್ತ ಎಂದರು. ವಿಶ್ವಾಸಿಗಳು ಅಳಬಾರದು ಎಂದು ಒಬ್ಬರು ವಾಕ್ಯವನ್ನೇ ತೋರಿಸಿದರು. ಇನ್ನೊಬ್ಬರು, 'ಆ ಚೀಲದ ಬಗ್ಗೆ ಯಾಕೆ ಕೊರಗ್ತೀಯಮ್ಮ, ಅದು ಬರೀ ದೇಹ, ಮಣ್ಣು. ಆತ್ಮ ದೇವರ ಹತ್ತಿರ ಇದೆ' ಎಂದರು. ನನಗೆ ಆ ಮಾತು ಹಿಡಿಸಲಿಲ್ಲ. ಬರೀ ದೇಹ ಅಂದ್ರೆ ಏನು? ಆ ಭುಜ ನನಗೆ ಗೊತ್ತಿತ್ತು. ಅರ್ಧ ಇಂಚಿನ ಲೆಕ್ಕದವರೆಗೆ ಗೊತ್ತಿತ್ತು.

ಪ್ರಾರ್ಥನೆ ಬರುತ್ತಿರಲಿಲ್ಲ. ಸತ್ಯವೇದ, ಅಂದರೆ ಬೈಬಲ್, ತೆಗೆದು ಎಲ್ಲೆಲ್ಲೋ ಪುಟ ತಿರುವುತ್ತಿದ್ದೆ. ಒಂದು ದಿನ ಬೆಳಿಗ್ಗೆ ಅತ್ತೆ, 'ಸುಮ್ನೆ ಯಾಕವ್ವ ಹಾಳೆ ತಿರುವ್ತಿದ್ದೀಯ. ಆ ಮೂರನೇ ದಿನದ್ದು ಓದು. ನಂಗೂ ಕೇಳಂಗೆ ಓದು' ಎಂದರು. ಯೇಸು ಸತ್ತ ಮೂರನೇ ದಿನ ಎದ್ದ ಭಾಗ ಅದು. ಮಗನನ್ನು ಕಳೆದುಕೊಂಡ ತಾಯಿ ಅವರು. ಇಲ್ಲ ಎನ್ನಲು ಆಗಲಿಲ್ಲ.

ನಾನು ಮಾಡಿದ್ದು ಇಷ್ಟೇ. ಬೆಳಿಗ್ಗೆ ಆರಕ್ಕೆ, ಮೆಷಿನ್ ಮುಂದೆ ಕೂರುವ ಮುಂಚೆ, ಐದಾರು ವಚನ ಗಟ್ಟಿಯಾಗಿ ಓದುವುದು. ಅದಕ್ಕಿಂತ ಜಾಸ್ತಿ ಇಲ್ಲ. ಒಂದೇ ಭಾಗವನ್ನು ವಾರವಿಡೀ ಓದುವುದು. ಯೋಹಾನನ ಸುವಾರ್ತೆಯ 19ನೇ ಅಧ್ಯಾಯದ ಕೊನೆಯಿಂದ 21 ಮುಗಿಯುವವರೆಗೆ. ಅದು ಮುಗಿದ ಮೇಲೆ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯ. ನಾಲ್ಕು ತಿಂಗಳು ಬೇರೆ ಯಾವುದನ್ನೂ ಓದಲಿಲ್ಲ. ಅಳು ಬಂದರೆ ಅಲ್ಲಿಗೇ ನಿಲ್ಲಿಸುತ್ತಿದ್ದೆವು. ನಾಲಿಗೆ ಏಳದ ದಿನ ಪುಸ್ತಕ ತೆರೆದಿಟ್ಟು ಇಬ್ಬರೂ ಕಾಫಿ ಕುಡಿದು ಏಳುತ್ತಿದ್ದೆವು. ಅರ್ಥ ಹುಡುಕಲೇಬೇಕು ಎಂದು ಹಟ ಹಿಡಿಯಲಿಲ್ಲ. ಕಷ್ಟದಲ್ಲಿರುವವರಿಗೆ ನಾನು ಈಗಲೂ ಹೇಳುವುದು ಇದನ್ನೇ: ಸ್ವಲ್ಪ ಓದಿ, ಗಟ್ಟಿಯಾಗಿ ಓದಿ, ಜೊತೆಗೆ ಒಬ್ಬರನ್ನು ಕೂರಿಸಿಕೊಳ್ಳಿ.

ಮೊದಲ ವಾರವೇ ಒಂದು ಕಡೆ ನನ್ನ ಕಣ್ಣು ನಿಂತಿತು. ಯೇಸುವಿನ ದೇಹಕ್ಕೆ ಹಾಕಲು ನಿಕೊದೇಮನೆಂಬವನು ರಕ್ತಬೋಳ, ಅಗರು ಎಂಬ ಸುಗಂಧದ್ರವ್ಯ ತರುತ್ತಾನೆ. ಈಗಿನ ಲೆಕ್ಕದಲ್ಲಿ ಅದು 30 ಕಿಲೋ ದಾಟುತ್ತದೆ ಎಂದು ಅಯ್ಯನವರು ಫೋನಿನಲ್ಲಿ ಹೇಳಿದರು. ಒಂದು ತುಂಬಿದ ಸಿಲಿಂಡರಿನ ತೂಕ. ಅದನ್ನು ಯಾರೋ ಹೊತ್ತು ತಂದಿರಬೇಕು, ಅಲ್ವಾ? ಸತ್ತ ದೇಹಕ್ಕೆ ಅಷ್ಟು ಮರ್ಯಾದೆ. ನಾರುಬಟ್ಟೆಯಲ್ಲಿ ಸುತ್ತಿ ಸಮಾಧಿ ಮಾಡುತ್ತಾರೆ. ಆದರೆ ಯೆಹೂದ್ಯರ ವಿಶ್ರಾಂತಿ ದಿನವಾದ ಸಬ್ಬತ್ ಹತ್ತಿರ ಬಂದಿತ್ತು, ಎಲ್ಲ ಅವಸರದಲ್ಲಿ ಆಯಿತು. ಮಾರ್ಕನ ಸುವಾರ್ತೆ ನೋಡಿದರೆ, ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಹೆಂಗಸರು ಸುಗಂಧದ್ರವ್ಯ ಹಿಡಿದುಕೊಂಡು ಹೊರಟಿರುತ್ತಾರೆ. ಆ ದೇಹಕ್ಕೆ ಮಾಡಬೇಕಾದ್ದು ಇನ್ನೂ ಇದೆ ಎಂದು. ಬಾಗಿಲ ಕಲ್ಲನ್ನು ಯಾರು ಉರುಳಿಸಿಕೊಡುತ್ತಾರೆ ಎಂಬುದೂ ಅವರಿಗೆ ಗೊತ್ತಿಲ್ಲ. ಆದರೂ ಹೋಗುತ್ತಿದ್ದಾರೆ.

ನಾನು ಅಲ್ಲೇ ನಿಲ್ಲಿಸಿದೆ. ಚಿಕ್ಕಂದಿನಿಂದ ಪ್ರತಿ ಈಸ್ಟರ್‌ಗೂ ಕೇಳಿದ ಕಥೆ. ಆದರೆ ಆ ಹೆಂಗಸರ ಕೈಯಲ್ಲಿದ್ದದ್ದನ್ನು ನಾನು ನೋಡೇ ಇರಲಿಲ್ಲ. ಅವರೂ ಸತ್ತವನಿಗೆ ಮಾಡಬೇಕಾದ ಕೆಲಸ ಬಾಕಿ ಉಳಿಸಿಕೊಂಡವರು. ಯೇಸು ಎದ್ದಿದ್ದಾನೆ ಎಂಬ ಸುದ್ದಿ ಮೊದಲು ಬಂದದ್ದು ಅವರಿಗೆ. ಗಟ್ಟಿ ನಂಬಿಕೆಯಿಂದ ಕಾಯುತ್ತಿದ್ದವರಿಗಲ್ಲ. ನನ್ನ ಹಾಗೆ ಒಂದು ಚೀಲ ಹಿಡಿದುಕೊಂಡು ಸಮಾಧಿಯ ಹತ್ತಿರ ನಿಂತವರಿಗೆ. ಅಂದು ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, 'ಅವರೂ ನಿನ್ನಂಗೇ ಕಣವ್ವ' ಎಂದರು.

ಆಮೇಲೆ ಬಟ್ಟೆಯ ವಿಷಯ ಕಣ್ಣಿಗೆ ಬೀಳುತ್ತಾ ಹೋಯಿತು. ಶಿಷ್ಯ ಪೇತ್ರ ಸಮಾಧಿಯೊಳಗೆ ಹೋದಾಗ ಸುತ್ತಿದ್ದ ನಾರುಬಟ್ಟೆ ಅಲ್ಲೇ ಬಿದ್ದಿರುತ್ತದೆ. ತಲೆಗೆ ಸುತ್ತಿದ್ದ ವಸ್ತ್ರ ಮಾತ್ರ ಬೇರೆ ಕಡೆ, ಸುತ್ತಿಟ್ಟ ಹಾಗೆ. ಯೇಸು ಸಮಾಧಿಯಿಂದ ಎಬ್ಬಿಸಿದ ಲಾಜರನು ಹೊರಗೆ ಬಂದಾಗ ಹೀಗಿರಲಿಲ್ಲ. ಅವನ ಕೈಕಾಲು ಕಟ್ಟಿತ್ತು, ಮುಖಕ್ಕೆ ಬಟ್ಟೆ ಸುತ್ತಿತ್ತು, ಬೇರೆಯವರು ಬಿಚ್ಚಬೇಕಾಯಿತು. ಯೇಸುವಿಗೆ ಬಿಚ್ಚುವವರು ಬೇಕಾಗಲಿಲ್ಲ. ಇದನ್ನು ಓದಿದ ದಿನ ಆ ಜಿಪ್ ನೆನಪಾಯಿತು. ಅಷ್ಟು ದಿನ ಕಣ್ಣು ಮುಚ್ಚಿದರೆ ಆ ಜಿಪ್ ಎಳೆಯುವ ಸದ್ದೇ ಕೇಳುತ್ತಿತ್ತು. ಅದು ದೇವರಿಗೆ ಒಂದು ದೊಡ್ಡ ಕಟ್ಟಲ್ಲ ಎಂದು ಮೊದಲ ಸಲ ಅನ್ನಿಸಿತು.

ಗಾಯ ಮುಟ್ಟಿ ನೋಡದೆ ನಂಬೆನೆಂದ ಶಿಷ್ಯ ತೋಮನ ಭಾಗಕ್ಕೆ ಎರಡು ವಾರ ಹಿಡಿಯಿತು. ಯಾರಾದರೂ ಹರಿದ ಬಟ್ಟೆ ತಂದರೆ ನಾನು ತೂತು ಕಾಣದ ಹಾಗೆ ಎಳೆ ಎಳೆ ಸೇರಿಸಿ ಹೊಲಿಯುತ್ತೇನೆ. ತೇಪೆ ಹಾಕಿದರೂ ಅದೇ ಬಣ್ಣದ ಬಟ್ಟೆ ಹುಡುಕುತ್ತೇನೆ. ಎದ್ದು ಬಂದ ಯೇಸುವಿನ ಕೈಯಲ್ಲಿ ಮೊಳೆಯ ಗಾಯ ಹಾಗೇ ಇದೆ. ಪಕ್ಕೆಯ ಗಾಯವೂ ಇದೆ. ಬೆರಳಿಟ್ಟು ನೋಡು ಎನ್ನುತ್ತಾನೆ. ಸಾವನ್ನೇ ಗೆದ್ದವನು ಗಾಯವನ್ನು ಮುಚ್ಚಲಿಲ್ಲ. ಶಿಷ್ಯರು ಗುರುತು ಹಿಡಿದದ್ದೂ ಅದರಿಂದಲೇ. ಹಾಗಾದರೆ ಆ ಇಳಿದ ಭುಜವನ್ನೂ ದೇವರು ಮರೆಯುವುದಿಲ್ಲ ಎಂದು ನನಗೆ ಧೈರ್ಯ ಬಂತು. ಏಳುವ ದೇಹ ಯಾವ ರೀತಿಯದು ಎಂದು ನಾನು ಹೇಳಲಾರೆ. ಆದರೆ ನನ್ನ ಗಂಡನನ್ನು ಗುರುತು ಸಿಗದ ಹಾಗೆ ಮಾಡುವ ದೇವರಲ್ಲ ಅವನು.

ಮನೆಯ ಕಷ್ಟ ಅಷ್ಟರಲ್ಲೇನೂ ಕರಗಲಿಲ್ಲ. ಸ್ಕೂಲುಗಳು ಮುಚ್ಚಿದ್ದವು, ಯೂನಿಫಾರ್ಮ್ ಆರ್ಡರ್ ಇರಲಿಲ್ಲ. ಸಂಘದ ಸಾಲದ ಕಂತು ಇತ್ತು. ಮಗನ ಫೀಸಿಗೆ ನನ್ನ ಓಲೆ ಹೋಯಿತು. ಬೆಳಿಗ್ಗೆ ಧೈರ್ಯ ಬಂದರೆ ಸಂಜೆಗೆ ಇರುತ್ತಿರಲಿಲ್ಲ. ನಾಳೆ ಬೆಳಿಗ್ಗೆ ಮತ್ತೆ ಓದುತ್ತೇವೆ ಎಂಬುದೊಂದೇ ಗಟ್ಟಿ ಇತ್ತು.

ಕೊರಿಂಥದ ಅಧ್ಯಾಯಕ್ಕೆ ಬರುವ ಹೊತ್ತಿಗೆ ಗಣೇಶನ ಹಬ್ಬದ ಮಳೆ. ಆ ಪತ್ರ ಬರೆದ ಪೌಲನ ಕಸುಬು ಗುಡಾರ ಮಾಡುವುದು. ಸೂಜಿ ಹಿಡಿದು ಹೊಟ್ಟೆ ಹೊರೆದವನು. ಅದಕ್ಕೇ ಇರಬೇಕು, ಪುನರುತ್ಥಾನದ ಬಗ್ಗೆ ಹೇಳುವಾಗ ಅವನಿಗೆ ಬಟ್ಟೆಯ ಮಾತು ಬರುತ್ತದೆ. ನಶಿಸುವ ಈ ದೇಹ ನಾಶವಿಲ್ಲದ್ದನ್ನು ಧರಿಸಿಕೊಳ್ಳಬೇಕು ಎನ್ನುತ್ತಾನೆ. ಎರಡನೇ ಪತ್ರದಲ್ಲಿ ಇನ್ನೂ ಬಿಡಿಸಿ ಹೇಳುತ್ತಾನೆ: ನಮಗೆ ಬೇಕಿರುವುದು ಇದ್ದದ್ದನ್ನು ಕಳಚಿ ಬರಿಮೈಯಾಗುವುದಲ್ಲ, ಅದರ ಮೇಲೆ ಇನ್ನೊಂದನ್ನು ತೊಡುವುದು. ನಾನು ತೊಡಿಸಲಾಗದ್ದನ್ನು ದೇವರು ತೊಡಿಸುತ್ತಾನೆ. ಆ ದಿನ ಶರ್ಟಿನ ಚೀಲವನ್ನು ಟ್ರಂಕಿನಿಂದ ತೆಗೆದು, ನಾಲ್ಕು ತಿಂಗಳ ಮೇಲೆ ಮೊದಲ ಸಲ ಬಿಚ್ಚಿ, ಒಗೆದು, ಒಣಗಿಸಿ, ಮಡಿಚಿಟ್ಟೆ.

ಅತ್ತೆಗೆ ಹಿಡಿಸಿದ್ದು ಬೀಜದ ಮಾತು. ಬಿತ್ತಿದ ಬೀಜ ಸಾಯದೆ ಜೀವ ಪಡೆಯುವುದಿಲ್ಲ, ನೀನು ಬಿತ್ತುವುದು ಬರೀ ಕಾಳನ್ನು, ಮುಂದೆ ಆಗುವ ಪೈರನ್ನಲ್ಲ ಎಂದು ಪೌಲ ಬರೆಯುತ್ತಾನೆ. ಅತ್ತೆ ನಡುವೆ ಬಾಯಿ ಹಾಕಿದರು. 'ಭತ್ತ ನೆನೆಹಾಕಿ, ಗೋಣಿಚೀಲದಲ್ಲಿ ಕಟ್ಟಿ, ಹುಲ್ಲು ಮುಚ್ಚಿ, ಮೇಲೆ ಕಲ್ಲು ಹೇರ್ತಿದ್ವಿ. ಎರಡು ದಿನ ಬಿಟ್ಟು ಚೀಲದೊಳಗೆ ಕೈ ಹಾಕಿದ್ರೆ ಬಿಸಿ ಇರೋದು. ಒಳಗೇ ಮೊಳಕೆ ಬಂದಿರೋದು.' ಸ್ವಲ್ಪ ಹೊತ್ತು ಸುಮ್ಮನಿದ್ದು, 'ನನ್ನ ಮಗನ್ನೂ ಚೀಲದಲ್ಲೇ ಕಟ್ಟಿ ಇಟ್ರಲ್ಲ' ಎಂದರು. ಆ ಮಾತಿಗೆ ನಾನು ಏನನ್ನೂ ಸೇರಿಸಲಿಲ್ಲ. ಅವತ್ತು ಅವರು ತುಂಬ ದಿನದ ಮೇಲೆ ಹೊಟ್ಟೆ ತುಂಬ ಮುದ್ದೆ ಉಂಡರು.

ನನಗೆ ತೋರಿಸಿದ್ದ ಆ ಅಳಬಾರದೆಂಬ ವಾಕ್ಯವನ್ನೂ ಹುಡುಕಿದೆ. ಅದು ಥೆಸಲೊನೀಕದವರಿಗೆ ಬರೆದ ಮೊದಲ ಪತ್ರದ 4ನೇ ಅಧ್ಯಾಯ. ನಿರೀಕ್ಷೆ ಇಲ್ಲದವರ ಹಾಗೆ ದುಃಖಿಸಬೇಡಿ ಎಂದಿದೆ. ದುಃಖಿಸಲೇಬೇಡಿ ಎಂದಿಲ್ಲ. ಲಾಜರನ ಸಮಾಧಿಯ ಹತ್ತಿರ ಯೇಸುವೇ ಅತ್ತನು, ಇನ್ನೇನು ಅವನನ್ನು ಎಬ್ಬಿಸುವವನಿದ್ದರೂ ಅತ್ತನು. ಇನ್ನು ಈ ನಿರೀಕ್ಷೆ ಎಂಬ ಪದ. ನಮ್ಮ ಮಾತಿನಲ್ಲಿ ಅದಕ್ಕೆ ಕಾಯುವುದು, ಎದುರು ನೋಡುವುದು ಎಂದೇ ಅರ್ಥ. ಬರುವವರಿದ್ದಾರೆ ಎಂದು ಗೊತ್ತಿದ್ದರೆ ತಾನೇ ಕಾಯುವುದು? ಕಾಯುತ್ತಾ ಅಳಬಹುದು.

2022ರ ಏಪ್ರಿಲ್ 16, ಶನಿವಾರ ರಾತ್ರಿ. ಪಕ್ಕದ ಮನೆಯ ಅಕ್ಕ ಕ್ಯಾಥೊಲಿಕರು. ನನ್ನನ್ನು ಸಂತ ಫಿಲೋಮಿನಾ ಚರ್ಚಿನಲ್ಲಿ ಈಸ್ಟರ್ ಹಿಂದಿನ ರಾತ್ರಿಯ ಜಾಗರಣೆಗೆ ಕರೆದುಕೊಂಡು ಹೋದರು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅಡಿಗಲ್ಲು ಇಟ್ಟ ಚರ್ಚು ಅದು. ನಮ್ಮ ಮಹಡಿಯಿಂದ ದಿನಾ ಅದರ 175 ಅಡಿಯ ಜೋಡಿ ಗೋಪುರ ನೋಡುತ್ತೇನೆ, ಆದರೆ ಆ ರಾತ್ರಿಯ ಪೂಜೆಗೆ ಹೋಗಿದ್ದು ಅದೇ ಮೊದಲು. ಈ ಪೂಜೆಯಲ್ಲಿ ಮೊದಲು ಕತ್ತಲಲ್ಲಿ ಬೆಂಕಿ ಹೊತ್ತಿಸುತ್ತಾರೆ. ದೊಡ್ಡ ಮೇಣದ ಬತ್ತಿಯ ಮೇಲೆ ಶಿಲುಬೆ ಗೀರಿ, ಆ ವರ್ಷದ ನಾಲ್ಕು ಅಂಕಿ ಬರೆಯುತ್ತಾರೆ. ಆಮೇಲೆ ಧೂಪದ ಐದು ಕಾಳು ಚುಚ್ಚುತ್ತಾರೆ. 'ಅದು ಸ್ವಾಮಿಯ ಐದು ಗಾಯ' ಎಂದು ಅಕ್ಕ ಕಿವಿಯಲ್ಲಿ ಹೇಳಿದರು. ಮೊದಲು ಗಾಯ ಚುಚ್ಚಿ, ಆಮೇಲೆ ಬತ್ತಿ ಹಚ್ಚಿದರು. ಅದರಿಂದ ಒಬ್ಬರ ಬತ್ತಿ, ಅವರಿಂದ ಇನ್ನೊಬ್ಬರದು. ನನ್ನ ಕೈಗೂ ಬಂತು. ಬಿಸಿ ಮೇಣ ಬೆರಳ ಮೇಲೆ ಇಳಿಯಿತು. ಒರೆಸಿಕೊಳ್ಳಲಿಲ್ಲ.

ಬೆಳಗಿನ ಜಾವ ನಮ್ಮ ಸಭೆಯವರು ಸ್ಮಶಾನದಲ್ಲಿ ಸೇರಿದೆವು. ಈಸ್ಟರ್ ದಿನ ಸೂರ್ಯ ಹುಟ್ಟುವ ಮುಂಚೆ ಸಮಾಧಿಗಳ ನಡುವೆ ನಿಂತು ಹಾಡುವುದು ನಮ್ಮಲ್ಲಿ ರೂಢಿ. ಹಿಂದಿನ ದಿನವೇ ಮಗ ಹೋಗಿ ಕಳೆ ಕಿತ್ತು, ಸುಣ್ಣ ಬಳಿದು ಬಂದಿದ್ದ. ಕ್ರಿಸ್ತನು ಎದ್ದಿದ್ದಾನೆ ಎಂದು ಅಯ್ಯನವರು ಕೂಗಿದರು. ನಿಜವಾಗಿಯೂ ಎದ್ದಿದ್ದಾನೆ ಎಂದು ಎಲ್ಲರೂ ಹೇಳಬೇಕು. ನನ್ನ ಬಾಯಲ್ಲಿ ಬಂತು. ಅಳುತ್ತಲೇ ಬಂತು. ಆದರೆ ಸುಳ್ಳು ಹೇಳುತ್ತಿದ್ದೇನೆ ಎನ್ನಿಸಲಿಲ್ಲ. ಅತ್ತೆ ಸಮಾಧಿಯ ತಲೆಭಾಗದಲ್ಲಿ ಕೂತು, ಅಲ್ಲಿ ಭುಜ ಇರಬಹುದಾದ ಕಡೆ ಅಂಗೈ ಇಟ್ಟುಕೊಂಡಿದ್ದರು.

ಮುಂದಿನ ವರ್ಷ ಮಳೆಗಾಲದಲ್ಲಿ ನಮ್ಮ ಸಭೆಯ ಒಬ್ಬ ಹಿರಿಯರು ರಾತ್ರಿ ತೀರಿಕೊಂಡರು. ಗಾರೆ ಕೆಲಸ ಮಾಡಿಕೊಂಡಿದ್ದವರು. ಹತ್ತು ಗಂಟೆಗೆ ಅವರ ಮಗಳು ಫೋನ್ ಮಾಡಿದಳು. ಅಪ್ಪನಿಗೆ ಹಾಕಲು ಒಂದು ಒಳ್ಳೆ ಶರ್ಟಿಲ್ಲ ಆಂಟಿ, ಅಂಗಡಿಗಳೆಲ್ಲ ಮುಚ್ಚಿವೆ ಎಂದಳು. ನಾನು ಟ್ರಂಕು ತೆಗೆದೆ. ಶರ್ಟನ್ನು ಮೆಷಿನ್ ಮೇಲೆ ಹರಡಿದೆ. ಆ ಹಿರಿಯರ ಭುಜ ಎರಡೂ ಸಮ ಇತ್ತು. ಬಲ ಭುಜದ ಹೊಲಿಗೆ ಬಿಚ್ಚಬೇಕಿತ್ತು. ಒಳಗೆ ಬಟ್ಟೆ ಬಿಟ್ಟಿದ್ದೆ, ಅರ್ಧ ಇಂಚು ಮೇಲೆತ್ತಲು ಸಾಕಿತ್ತು. ಒಂದೊಂದೇ ಹೊಲಿಗೆ ಬಿಚ್ಚಿದೆ. ಹಳೆಯ ದಾರದ ಚೂರುಗಳು ಮಡಿಲಿಗೆ ಬಿದ್ದವು. ಅತ್ತೆ ಎದ್ದು ಬಂದರು.

'ಅವನದಾ?'

'ಹೌದು ಅತ್ತೆ.'

ಬಟ್ಟೆಯ ಮೇಲೆ ಕೈಯಾಡಿಸಿದರು. 'ಇಸ್ತ್ರಿ ಹಾಕಿ ಕೊಡವ್ವ, ಮಡಿಕೆ ಬಿದ್ದದೆ.'

ಬೆಳಿಗ್ಗೆ ಆರಕ್ಕೆ ಎಂದಿನಂತೆ ಐದು ವಚನ ಓದಿ, ಶರ್ಟು ತೆಗೆದುಕೊಂಡು ಹೊರಟೆ. ಗಂಡಸರು ಹಿರಿಯರನ್ನು ಸ್ವಲ್ಪ ಎತ್ತಿ ಹಿಡಿದುಕೊಂಡರು. ಮಗಳು ಎಡ ತೋಳು ತೊಡಿಸಿದಳು, ನಾನು ಬಲ ತೋಳು ತೊಡಿಸಿದೆ. ಭುಜ ಸರಿಯಾಗಿ ಕೂತಿತು. ಕಾಲರ್ ಗುಂಡಿ ನಾನೇ ಹಾಕಿದೆ.